ಚಿರೋಟಿ ರವೆಯ ಕಡಲತೀರ

ಮನುಷ್ಯ ಅಳಿಯುತ್ತಾನೆ, ಅವನ ಚಿತ್ರ ಉಳಿಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳಿದ ಹಿರಿಯರಲ್ಲಿ ಯಾರೂ ಸಿಂಗಪುರದಲ್ಲಿ ಆಲ್ಬಮ್ ಇಟ್ಟುಕೊಂಡಿದ್ದವರಲ್ಲ. ಇಲ್ಲಿಯ ತೇವದಲ್ಲಿ ಮನುಷ್ಯರು ಎಂಬತ್ತು ತೊಂಬತ್ತು ವರ್ಷ ಆರಾಮವಾಗಿ ಬಾಳುತ್ತಾರೆ; ಫೋಟೋಗಳಿಗೆ ಹತ್ತು ವರ್ಷಕ್ಕೆಲ್ಲ ಬೂಷ್ಟು ಹಿಡಿಯುತ್ತದೆ.

ನಮ್ಮ ಪಕ್ಕದ ಮನೆಯ ಅಂಕಲ್ ತಮ್ಮ ಆಲ್ಬಮನ್ನು ನನ್ನ ಕೈಗೆ ಕೊಟ್ಟಾಗ ಅದರಲ್ಲಿ ನಲವತ್ತೆರಡು ಫೋಟೋಗಳಿದ್ದವು. ಎಲ್ಲವೂ ಸ್ಕಾಟ್‌ಲೆಂಡಿನ ಒಂದು ಸಣ್ಣ ಕಡಲತೀರದ ಊರಿನವು, ಎಲ್ಲವೂ ಕಪ್ಪು ಬಿಳುಪು. ಬೂಷ್ಟಿನ ಕಂದು ಚುಕ್ಕೆಗಳಷ್ಟೇ ಅವುಗಳಿಗಿದ್ದ ಬಣ್ಣ. ಅಂಕಲ್ ಆ ಊರಿನವರು. ಹಡಗಿನ ಎಂಜಿನ್‌ಗಳನ್ನು ತಪಾಸಣೆ ಮಾಡುವ ಕೆಲಸದ ಮೇಲೆ ಯೌವನದಲ್ಲಿ ಸಿಂಗಪುರಕ್ಕೆ ಬಂದವರು ಇಲ್ಲಿಯ ಚೀನೀ ಹುಡುಗಿಯನ್ನು ಮದುವೆಯಾಗಿ, ಕೆಲಸ ಮುಗಿದ ಮೇಲೂ ಹಿಂದಿರುಗದೆ, ಪುಂಗೋಲ್ ಬಡಾವಣೆಯ ಒಂದು ಬ್ಲಾಕಿನ ಹನ್ನೊಂದನೆಯ ಮಹಡಿಯಲ್ಲಿ ನಮಗೆ ನೆರೆಯವರಾಗಿ ಒದಗಿದ್ದರು. ವಯಸ್ಸು ಎಂಬತ್ತು ದಾಟಿತ್ತು. ಅವರ ಹೆಂಡತಿ ನಮಗೆ ಆಂಟಿ. ಈ ದೇಶದಲ್ಲಿ ವಯಸ್ಸಾದವರೆಲ್ಲ ಅಂಕಲ್, ಆಂಟಿ. ನೂಡಲ್ಸ್ ಅಂಗಡಿಯ ಹುಡುಗಿ ಮೊದಲ ಸಲ ಅಂಕಲ್ ಎಂದು ಕರೆದಾಗ ನಾನು ನನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ್ದೆ. ಅಂಕಲ್ ಆಂಟಿಯರ ಜೊತೆ ನಮ್ಮ ಮಾತುಕತೆ ನಡೆದದ್ದೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಅದನ್ನು ಕನ್ನಡಕ್ಕೆ ತಂದಿದ್ದೇನೆ. ಆಂಟಿ ಮಾತಿನ ಕೊನೆಗೆ ಸೇರಿಸುವ ‘ಲಾ’ ಮಾತ್ರ ಯಾವ ಭಾಷೆಗೂ ಬಗ್ಗಲಿಲ್ಲವಾದ್ದರಿಂದ ಇದ್ದ ಹಾಗೇ ಬಿಟ್ಟಿದ್ದೇನೆ.

ಫೋಟೋ ತೆಗೆದವರು ಅಂಕಲ್ ಅವರ ತಂದೆ. ಊರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದು, ಹಿಂದಿನ ಕತ್ತಲೆ ಕೋಣೆಯಲ್ಲಿ ಕೆಮ್ಮಿನ ಔಷಧಿಯ ಸೀಸೆಗಳ ನಡುವೆ ಫೋಟೋ ತೊಳೆಯುತ್ತಿದ್ದರಂತೆ. ಬಂದರು, ಸ್ಟೀಮರ್ ಬಂದು ನಿಲ್ಲುವ ಕಟ್ಟೆ, ವಾದ್ಯದವರ ಮಂಟಪ, ಬಲೆ ಒಣಗಿಸುವ ಬಯಲು, ನಮ್ಮ ಬೂತಾಯಿಯ ನೆಂಟನಂಥ ಹೆರಿಂಗ್ ಮೀನನ್ನು ಸಾಲಾಗಿ ನಿಂತು ಸೀಳುತ್ತಿರುವ ಹೆಂಗಸರು, ಉಪ್ಪು ತಾಗದಿರಲೆಂದು ಅವರು ಬೆರಳುಗಳಿಗೆ ಸುತ್ತಿಕೊಂಡ ಬಟ್ಟೆ. ಬೇಸಿಗೆಯ ರಜೆಗೆ ದೊಡ್ಡ ಊರಿನಿಂದ ಬಂದ ಕಾರ್ಖಾನೆಯ ಜನ. ಆ ಜನ ಮರಳಿನ ಮೇಲೆ ಕೋಟು, ಟೈ, ಹ್ಯಾಟು ಧರಿಸಿ, ಮದುವೆಯ ಮನೆಯಲ್ಲಿ ಎರಡನೆಯ ಪಂಕ್ತಿಗೆ ಕಾಯುವವರ ಮುಖಭಾವದಲ್ಲಿ ಕುರ್ಚಿ ಹಾಕಿಕೊಂಡು ಸಮುದ್ರ ನೋಡುತ್ತಿದ್ದರು. ಅದಕ್ಕೆ ಅಲ್ಲಿ ವಿಹಾರ ಎಂದು ಹೆಸರು.

ಆಲ್ಬಮ್ ನನ್ನ ಕೈಗೆ ಬಂದ ಕಾರಣ ಇಷ್ಟು. ಆ ಊರಿನ ಗ್ರಂಥಾಲಯದವರು ಹಳೆಯ ಫೋಟೋಗಳ ಒಂದು ಪ್ರದರ್ಶನ ಏರ್ಪಡಿಸಿದ್ದರು. ಅಂಕಲ್ ಕಳಿಸಿದ್ದ ಪ್ರತಿಗಳು ಅವರಿಗೆ ಬಹಳ ಹಿಡಿಸಿದ್ದವು. ಆದರೆ ಒಂದರ ಕೆಳಗೂ ಒಂದಕ್ಷರವಿರಲಿಲ್ಲ. ಯಾವ ಜಾಗ, ಯಾರು, ಏನು ನಡೆಯುತ್ತಿದೆ ಎಂದು ತಿಂಗಳ ಕೊನೆಯೊಳಗೆ ಬರೆದು ಕಳಿಸಬೇಕು. ವಿವರ ಸಿಕ್ಕಿದ್ದು ಗೋಡೆಗೆ, ಸಿಗದ್ದು ಪೆಟ್ಟಿಗೆಗೆ ಎಂದು ಅವರು ಅತ್ಯಂತ ವಿನಯದಿಂದ ತಿಳಿಸಿದ್ದರು. ನಾನು ಕನ್ನಡದಲ್ಲಿ ಏನೋ ಬರೆಯುತ್ತೇನೆಂಬ ಅಪವಾದ ನಮ್ಮ ಕಾರಿಡಾರಿನಲ್ಲಿತ್ತು. ಅಂಕಲ್ ಬಂದು, “ನೀವು ಬರೆಯೋರು. ನಾನು ಹೇಳ್ತೀನಿ, ನೀವು ಬರ್ಕೊಳ್ಳಿ,” ಎಂದರು.

ನನ್ನ ಉದ್ಯೋಗ ಚಾಂಗಿ ಬಿಸಿನೆಸ್ ಪಾರ್ಕಿನ ಒಂದು ಆಫೀಸಿನಲ್ಲಿ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಇಪ್ಪತ್ತೈದು ವರ್ಷ ತಪ್ಪು ಹುಡುಕಿದವನಿಗೆ ಪ್ರಪಂಚವೆಲ್ಲ ಒಂದು ಪಟ್ಟಿಯಾಗಿ ಕಾಣುತ್ತದೆ. ಫೋಟೋಗಳಿಗೆ ಒಂದರಿಂದ ನಲವತ್ತೆರಡರ ತನಕ ನಂಬರು ಹಾಕಿ, ಜಾಗ, ವ್ಯಕ್ತಿ, ಸಂದರ್ಭ ಎಂದು ಮೂರು ಕಾಲಮ್ ಎಳೆದು, ನ್ಯಾಯಾಲಯಕ್ಕೆ ಹೋಗುವ ಗಾಂಭೀರ್ಯದಿಂದ ಅವರ ಮನೆಗೆ ಹೋದೆ.

“ಏಳನೇ ನಂಬರು, ಅಂಕಲ್. ಇದು ಯಾವ ಬೀದಿ?”

“ಸಮುದ್ರದ ಕಡೆ ಹೋಗೋ ಬೀದಿ.”

“ಅದರ ಹೆಸರು?”

“ನಮ್ಮೂರಲ್ಲಿ ಎಲ್ಲ ಬೀದೀನೂ ಸಮುದ್ರದ ಕಡೆಗೇ ಹೋಗ್ತಿತ್ತು. ಬೇರೆ ಕಡೆ ಹೋಗೋಕೆ ಏನಿತ್ತು.”

“ಹದಿನಾಲ್ಕು. ಈ ಕಟ್ಟಡ?”

“ಕಾಫಿ ಕುಡೀತೀರಾ?”

ಮರುದಿನವೂ ಹೀಗೇ ಆಯಿತು. ಮೂರನೆಯ ದಿನ ಒಳಗಿನಿಂದ ಟೀವಿ ಸದ್ದು ಚೆನ್ನಾಗಿ ಕೇಳುತ್ತಿತ್ತು, ಬಾಗಿಲು ಮಾತ್ರ ತೆರೆಯಲಿಲ್ಲ. ನನಗೆ ಸಿಟ್ಟು ಬಂತು. ಆಫೀಸಿನಲ್ಲಿ ಇಂಥವರ ಮೇಲೆ ಮೇಲಧಿಕಾರಿಗೆ ಬರೆಯುವ ಅನುಕೂಲವಿದೆ.

ಸಂಜೆ ಲಿಫ್ಟಿನ ಮುಂದೆ ಆಂಟಿ ಸಿಕ್ಕರು, ಕೈಯಲ್ಲಿ ಸೊಪ್ಪಿನ ಚೀಲ.

“ಕೇಳಬೇಡ ಲಾ,” ಎಂದರು. “ನೀನು ಕೇಳ್ತೀಯ, ಅವರಿಗೆ ಭಯ ಆಗುತ್ತೆ. ಡಾಕ್ಟರೂ ಹೀಗೇ ಕೂರಿಸಿಕೊಂಡು ಕೇಳ್ತಾರೆ. ಇವತ್ತು ಯಾವ ವಾರ, ನಿಮ್ಮ ಮನೆ ಎಷ್ಟನೇ ಮಹಡಿ.”

“ಹೇಳ್ತಾರಾ?”

“ಮಹಡಿ ಹೇಳ್ತಾರೆ. ವಾರ ಹೇಳಲ್ಲ. ರಿಟೈರ್ ಆದವನಿಗೆ ವಾರ ಯಾಕೆ ಅಂತ ಡಾಕ್ಟರನ್ನೇ ಕೇಳ್ತಾರೆ.” ಲಿಫ್ಟು ಬಂತು, ಆಂಟಿ ಹತ್ತಲಿಲ್ಲ. “ಅವರಪ್ಪ ಇಡೀ ಊರಿನ ಫೋಟೋ ತೆಗೆದರು. ಇವರು ಒಬ್ಬರೇ ಮಗ. ಇವರು ಹೇಳಲಿಲ್ಲ ಅಂದ್ರೆ ಹೇಳೋರು ಯಾರೂ ಇಲ್ಲ, ಎಲ್ಲಾ ಪೆಟ್ಟಿಗೆಗೆ. ಅದು ಅವರಿಗೆ ಗೊತ್ತು. ಅದಕ್ಕೇ ಬಾಗಿಲು ತೆಗೆಯಲ್ಲ.”

ನನ್ನ ಮೂರು ಕಾಲಮ್ಮುಗಳ ಬಗ್ಗೆ ನನಗೆ ಸ್ವಲ್ಪ ನಾಚಿಕೆಯಾಯಿತು.

ಇದೇ ಹೊತ್ತಿಗೆ ನಮ್ಮ ಮನೆಯಲ್ಲಿ ಬೇರೊಂದು ರಾಷ್ಟ್ರೀಯ ಸಮಸ್ಯೆ ತಲೆದೋರಿತ್ತು. ನನ್ನ ಹೆಂಡತಿ ಮೈಸೂರಿನವಳು. ನವರಾತ್ರಿಗೆ ಗೊಂಬೆ ಕೂರಿಸದಿದ್ದರೆ ಸೂರ್ಯ ಹುಟ್ಟುತ್ತಾನಾದರೂ ಮನಸ್ಸಿಟ್ಟು ಹುಟ್ಟುವುದಿಲ್ಲ ಎಂಬುದು ಅವಳ ಮನೆತನದ ನಂಬಿಕೆ. ಮೆಟ್ಟಿಲ ಮೇಲೆ ಪಟ್ಟದ ಗೊಂಬೆಗಳು, ದಶಾವತಾರ, ಶೆಟ್ಟಿ ಶೆಟ್ಟಮ್ಮ ಪ್ರತಿ ವರ್ಷ ಇರುವವರೇ. ಆದರೆ ಮೆಟ್ಟಿಲ ಪಕ್ಕ ನೆಲದ ಮೇಲೆ ಪ್ರತಿ ವರ್ಷ ಹೊಸದೊಂದು ಊರೋ ತೋಟವೋ ಆಗಬೇಕು. ಚಾಮುಂಡಿ ಬೆಟ್ಟ ಆಗಿತ್ತು, ಮೃಗಾಲಯ ಆಗಿತ್ತು, ವಿಮಾನ ನಿಲ್ದಾಣವೂ ಆಗಿತ್ತು. ಈ ವರ್ಷಕ್ಕೆ ಏನೂ ಹೊಳೆದಿರಲಿಲ್ಲ. ಊಟದ ಮೇಜಿನ ಮೇಲೆ ಬಿದ್ದಿದ್ದ ಆಲ್ಬಮನ್ನು ತಿರುವಿ ಹಾಕಿ ಅವಳು ಹೇಳಿದಳು:

“ರೀ, ಈ ಸಲ ಅಂಕಲ್ ಊರನ್ನೇ ಇಡೋಣ.”

“ಅದು ಮೀನಿನ ಊರು ಕಣೇ. ಎಲ್ಲಿ ನೋಡಿದ್ರೂ ಮೀನು.”

“ಮತ್ಸ್ಯಾವತಾರ ಏನು ಮತ್ತೆ, ಹೀರೇಕಾಯಾ?”

ಶಾಸ್ತ್ರಾಧಾರ ಸಿಕ್ಕ ಮೇಲೆ ವಾದಕ್ಕೆ ಎಡೆಯಿರಲಿಲ್ಲ. ಫೋಟೋಗಳನ್ನು ರಟ್ಟಿನ ಮೇಲೆ ಪ್ರಿಂಟ್ ಹಾಕಿಸಿ, ಕಟ್ಟಡ ಕಟ್ಟಡವಾಗಿ ಕತ್ತರಿಸಿ ನಿಲ್ಲಿಸಿದೆವು. ನೀಲಿ ರವಿಕೆ ಬಟ್ಟೆ ಸಮುದ್ರವಾಯಿತು. ಕೆಳಗಿನ ಆಟದ ಮೈದಾನದಿಂದ ಮರಳು ತರುವುದು ಯಾವ ಕಾನೂನಿನ ಉಲ್ಲಂಘನೆ ಎಂದು ಖಚಿತವಾಗದ ಕಾರಣ ಚಿರೋಟಿ ರವೆ ಸುರಿದು ಕಡಲತೀರ ಮಾಡಿದೆವು. ಚನ್ನಪಟ್ಟಣದ ಗೊಂಬೆಗಳು ರಜೆಗೆ ಬಂದ ಜನ. ಔಷಧಿ ಅಂಗಡಿಯ ಮುಂದೆ ಶೆಟ್ಟಿಯನ್ನು ಕೂರಿಸಿದೆವು.

ಊರನ್ನು ಜೋಡಿಸುವ ಹೊಣೆ ನನ್ನದು. ಯಾವ ಕಟ್ಟಡದ ಪಕ್ಕ ಯಾವುದಿತ್ತೆಂದು ಫೋಟೋಗಳಲ್ಲಿ ಗೊತ್ತಾಗುತ್ತಿರಲಿಲ್ಲ. ಆದರೆ ಚರ್ಚಿನ ಗೋಪುರ ಹನ್ನೊಂದು ಫೋಟೋಗಳಲ್ಲಿ ಕಾಣುತ್ತಿತ್ತು. ಎಲ್ಲ ಕಡೆಯಿಂದ ಕಾಣುವ ದೇವಸ್ಥಾನ ಊರ ನಡುವೆ ತಾನೇ ಇರಬೇಕು? ನಾನು ಹುಟ್ಟಿದ ಊರು, ನನ್ನ ಹೆಂಡತಿ ಹುಟ್ಟಿದ ಊರು, ನಮಗೆ ಗೊತ್ತಿದ್ದ ಊರುಗಳೆಲ್ಲ ಹಾಗೇ. ಚರ್ಚನ್ನು ನಟ್ಟನಡುವೆ ನಿಲ್ಲಿಸಿ, ಸುತ್ತ ನಾಲ್ಕು ಬೀದಿ ಎಳೆದು, ಎದುರಿಗೆ ಅಂಗಡಿ ಸಾಲು, ಈಶಾನ್ಯಕ್ಕೆ ಬಂದರು ಇಟ್ಟೆ. ಪ್ರದಕ್ಷಿಣೆ ಬರಲು ಬಹಳ ಅನುಕೂಲವಾಗಿತ್ತು. ಮೊದಲ ದಿನ ಕುಂಕುಮಕ್ಕೆ ಬಂದ ಧಾರವಾಡದ ಕಡೆಯ ಹೆಂಗಸೊಬ್ಬರು, “ಗುಡಿ ನಡುವ ಇಟ್ಟೀರಲ್ಲ, ಊರಿಗೆ ಒಂದು ಕಳೆ ಬಂದದ ನೋಡ್ರಿ,” ಎಂದು ಮೆಚ್ಚಿದರು.

ಎರಡನೆಯ ದಿನ ಅಂಕಲ್ ಆಂಟಿಯನ್ನು ಕರೆದೆವು. ಅಂಕಲ್ ಟೈ ಕಟ್ಟಿಕೊಂಡು ಬಂದರು. ಆಂಟಿ ಎರಡು ಕಿತ್ತಳೆ ಹಣ್ಣು ತಂದಿದ್ದರು. ಅಂಕಲ್ ಮೆಟ್ಟಿಲಿನ ಮೇಲಿದ್ದ ದೇವತೆಗಳಿಗೆ ತಲೆ ಬಾಗಿಸಿ, ಪಕ್ಕಕ್ಕೆ ತಿರುಗಿದವರು ಹಾಗೇ ನಿಂತುಬಿಟ್ಟರು.

“ಇದು ತಪ್ಪು,” ಎಂದರು.

“ಯಾವುದು ಅಂಕಲ್?”

“ಎಲ್ಲ.”

ಮಂಡಿ ನೋವಿನ ಮನುಷ್ಯ. ಸೋಫಾದಿಂದ ಏಳುವುದಕ್ಕೇ ಎರಡು ಸಲ ಪ್ರಯತ್ನಿಸುವವರು. ನಮ್ಮ ಮೊಸಾಯಿಕ್ ನೆಲದ ಮೇಲೆ ಮಂಡಿಯೂರಿ ಕೂತರು. ಚರ್ಚನ್ನು ಎರಡು ಬೆರಳಲ್ಲಿ, ಅನ್ನದಿಂದ ಕೂದಲು ತೆಗೆಯುವ ಹಾಗೆ ಎತ್ತಿದರು.

“ಇದು ಊರ ಹೊರಗೆ. ದಿಬ್ಬದ ಮೇಲೆ. ದಿಬ್ಬದ ಮೇಲಿತ್ತು ಅಂತಲೇ ಎಲ್ಲಾ ಕಡೆಯಿಂದ ಕಾಣ್ತಿತ್ತು. ಬಾಗಿಲು ಸಮುದ್ರಕ್ಕೆ ಬೆನ್ನು ಹಾಕಿತ್ತು. ಸಮುದ್ರ ಕಾಣಿಸಿದ್ರೆ ಜನ ಪ್ರಾರ್ಥನೆ ಬಿಟ್ಟು ದೋಣಿ ಎಣಿಸ್ತಾರೆ ಅಂತ.” ಕೈ ಮುಂದೆ ಹೋಯಿತು. “ಇದು ಮೀನು ಮಾರೋ ಹೆಂಗಸರ ಇಳಿಜಾರು. ಎಲ್ಲರೂ ಹಾಗೇ ಕರೀತಿದ್ದರು. ಇದು ಇಲ್ಲಿ ಬರಬೇಕು. ಈ ಮನುಷ್ಯ ದೀಪದ ಮನೆಯವನು, ಇವನ ನಾಯಿ ಯಾರನ್ನೂ ಬಿಡ್ತಿರಲಿಲ್ಲ. ಇದು ಯಾರು?”

“ಅದು ಶೆಟ್ಟಿ, ಅಂಕಲ್. ನಿಮ್ಮ ತಂದೆಯವರ ಜಾಗದಲ್ಲಿ,” ಎಂದಳು ನನ್ನ ಹೆಂಡತಿ.

ಅಂಕಲ್ ಶೆಟ್ಟಿಯನ್ನು ಬಹಳ ಹೊತ್ತು ಪರಿಶೀಲಿಸಿದರು. “ನಮ್ಮಪ್ಪ ಶರ್ಟ್ ಹಾಕ್ತಿದ್ದರು,” ಎಂದರು. “ಹೊಟ್ಟೆ ಮಾತ್ರ ಸರಿಯಾಗಿದೆ.”

ಆ ಸಂಜೆ ಐದು ಫೋಟೋಗಳಿಗೆ ವಿವರ ಸಿಕ್ಕಿತು. ಅವರು ಹೋದ ಮೇಲೆ ನಾನೂ ನನ್ನ ಹೆಂಡತಿಯೂ ರವೆಯ ಮುಂದೆ ಕೂತೆವು. ಕೇಳಿದರೆ ಅವರಿಗೆ ಏನೂ ಗೊತ್ತಿರಲಿಲ್ಲ. ತಪ್ಪಾಗಿ ಇಟ್ಟರೆ ಎಲ್ಲ ಗೊತ್ತಿತ್ತು.

“ನಾಳೆ ಆ ವಾದ್ಯದ ಮಂಟಪ ಎತ್ತಿ ಮೀನು ಸೀಳೋ ಅಂಗಳದಲ್ಲಿ ಇಡಿ,” ಎಂದಳು.

“ಬೇಕೂಂತ ತಪ್ಪು ಮಾಡೋದಾ?”

“ಬೇಡದೇ ಇದ್ದಾಗ ಚೆನ್ನಾಗಿ ಮಾಡ್ತೀರಲ್ಲ. ಬೇಕಾದಾಗ ಮಾಡೋಕೇನು?”

ತಪ್ಪು ಹುಡುಕಿಯೇ ಅನ್ನ ತಿಂದವನು ತಪ್ಪು ಬಿತ್ತಲು ಕೂತದ್ದು ನನ್ನ ವೃತ್ತಿಜೀವನದ ಅತ್ಯಂತ ಆತಂಕದ ಘಟ್ಟ. ಆದರೂ ಬೇಗ ಪಳಗಿದೆ. ಸ್ಟೀಮರ್ ಕಟ್ಟೆಯನ್ನು ಗುಡ್ಡ ಹತ್ತಿಸಿದೆ. ಶಾಲೆಯ ಮಕ್ಕಳ ಸಾಲನ್ನು ಹೆಂಡದಂಗಡಿಯ ಮುಂದೆ ನಿಲ್ಲಿಸಿದೆ. ಅಂಕಲ್ ದಿನಾ ಸಂಜೆ ಐದಕ್ಕೆ ಟೈ ಕಟ್ಟಿಕೊಂಡು ಬಂದು, ಅಧಿಕಾರಿ ಕಚೇರಿ ತನಿಖೆಗೆ ಬಂದ ಹಾಗೆ ನಿಂತು, “ಇವತ್ತು ಯಾರು ಮಾಡಿದ್ದು?” ಎಂದು ಕೇಳಿ ನೆಲಕ್ಕೆ ಇಳಿಯುತ್ತಿದ್ದರು. ಅವರಿಗೆ ಒಂದು ದಿಂಬು ಇಟ್ಟೆವು. ಅವರು ಹೇಳಿದ್ದನ್ನು ನಾನು ಒಂದು ಉದ್ದನೆಯ ಹಾಳೆಯಲ್ಲಿ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದೆ. ಕಂಪ್ಯೂಟರಿನಲ್ಲಿ ಬರೆದದ್ದನ್ನು ಯಾರು ಬೇಕಾದರೂ ಬದಲಾಯಿಸಬಹುದು ಎಂಬುದು ಅವರ ಗುಮಾನಿ. ಕಡಲ ಇಳಿತದ ಹೊತ್ತಿಗೆ ಮಾತ್ರ ಕಾಣುವ ಬಂಡೆ, ಬೇಸಿಗೆಯ ವಾರದಲ್ಲಿ ತಮ್ಮ ಮನೆಯನ್ನೇ ರಜೆಯವರಿಗೆ ಬಿಟ್ಟುಕೊಟ್ಟು ಹಿತ್ತಲಿನ ಕೊಟ್ಟಿಗೆಯಲ್ಲಿ ಮಲಗುತ್ತಿದ್ದ ಕುಟುಂಬಗಳು, ಹೆರಿಂಗ್ ಹಿಂದೆ ಬಂದರಿನಿಂದ ಬಂದರಿಗೆ ರೈಲಿನಲ್ಲಿ ಹೋಗುತ್ತಾ ಡಬ್ಬಿಯಲ್ಲಿ ಕೂತೇ ಸ್ವೆಟರ್ ಹೆಣೆಯುತ್ತಿದ್ದ ಹೆಂಗಸರು.

ಐದನೆಯ ದಿನ ಆಫೀಸಿನ ಕೆಲಸ ಜಾಸ್ತಿಯಾಗಿ, ಕೈಗೆ ಬಂದ ಹಾಗೆ ನಾಲ್ಕು ಕಟ್ಟಡ ಇಟ್ಟು ಹೋಗಿದ್ದೆ. ಅಂಕಲ್ ಬಂದರು, ನೋಡಿದರು, ಸುಮ್ಮನೆ ಕೂತು ಕೋಸಂಬರಿ ತಿಂದರು, ಹೋದರು. ಯಾವ ವಿವರವೂ ಬರಲಿಲ್ಲ. ದೈವವಶಾತ್ ನಾಲ್ಕೂ ಸರಿಯಾದ ಜಾಗದಲ್ಲಿ ಬಿದ್ದಿದ್ದಿರಬೇಕು. ಬುದ್ಧಿಯಿಲ್ಲದೆ ಸರಿ ಮಾಡಿದ್ದಕ್ಕೆ ಮನೆಯಲ್ಲಿ ಬೈಸಿಕೊಂಡೆ.

ಆ ದಿನ ಆಂಟಿ ಹಿಂದೆ ಉಳಿದು ಪಾತ್ರೆ ಒರೆಸಿಕೊಟ್ಟರು. ಒರೆಸುತ್ತಾ, “ನಂದೂ ಸಮುದ್ರದ ಪಕ್ಕದ ಊರೇ,” ಎಂದರು. “ಇದೇ ಊರು. ಪುಂಗೋಲ್. ನಾವು ಹಂದಿ ಸಾಕ್ತಿದ್ದೆವು, ಪಕ್ಕದವರು ಮೀನು ಹಿಡೀತಿದ್ದರು. ಒಂದು ಫೋಟೋನೂ ಇಲ್ಲ. ಹಂದಿ ಕೊಟ್ಟಿಗೆ ಫೋಟೋ ಯಾರು ತೆಗೀತಾರೆ ಲಾ.” ಕಿಟಕಿಯಿಂದ ಕಾಣುತ್ತಿದ್ದ ಎತ್ತರದ ಬ್ಲಾಕುಗಳ ಕಡೆ ಬಟ್ಟೆ ಹಿಡಿದ ಕೈ ತೋರಿಸಿ, “ಅಲ್ಲೇ ಎಲ್ಲೋ,” ಎಂದರು. ನಾನು ಮನೆ ಕಿಟಕಿಯಿಂದ ಹತ್ತು ವರ್ಷ ನೋಡಿದ್ದ ಜಾಗ ಅದು. ಇನ್ನೊಂದು ಒಣಬಟ್ಟೆ ತಂದುಕೊಟ್ಟೆ.

ಏಳನೆಯ ದಿನ ಅಂಕಲ್ ನೆಲಕ್ಕಿಳಿಯಲಿಲ್ಲ. ದಿಂಬನ್ನು ನೋಡಿದರು, ನನ್ನನ್ನು ನೋಡಿದರು.

“ಮೂವತ್ತು ವರ್ಷ ಹಡಗು ತಪಾಸಣೆ ಮಾಡಿದ್ದೀನಿ,” ಎಂದರು. “ತಾನಾಗಿ ಆದ ತಪ್ಪು ಯಾವುದು, ಮಾಡಿಟ್ಟ ತಪ್ಪು ಯಾವುದು ಅಂತ ನನಗೆ ತಿಳಿಯುತ್ತೆ. ಸ್ಟೀಮರ್ ಕಟ್ಟೇನ ಗುಡ್ಡದ ಮೇಲೆ ಇಡೋ ಅಷ್ಟು ದಡ್ಡರಲ್ಲ ನೀವು.”

ನನ್ನ ಹೆಂಡತಿ ನನ್ನ ಮುಖ ನೋಡಿದಳು. ಅಷ್ಟು ದಡ್ಡನಲ್ಲ ಎಂಬುದಕ್ಕೆ ಅವಳ ಸಮ್ಮತಿ ಇದ್ದಂತೆ ಕಾಣಲಿಲ್ಲ.

“ಸಾರಿ ಅಂಕಲ್,” ಎಂದೆ. “ಬೇಸರ ಆಯ್ತಾ?”

ಅವರು ಟೈ ಸಡಿಲಿಸಿಕೊಂಡರು. “ಹೇಳಿ ಅಂದ್ರೆ ಬರಲ್ಲ. ತಲೆ ಒಳಗೆ ಹೋಗಿ ನೋಡಿದ್ರೆ ಅಂಗಡಿ ಮುಚ್ಚಿರುತ್ತೆ. ತಪ್ಪಾಗಿದ್ದರೆ ಮಾತ್ರ ಸಿಟ್ಟು ಬರುತ್ತೆ, ಸಿಟ್ಟಿನ ಹಿಂದೆ ಅದೂ ಬರುತ್ತೆ.” ಕೈ ಚಾಚಿದರು, ನಾನು ಹಿಡಿದುಕೊಂಡೆ, ನಿಧಾನವಾಗಿ ದಿಂಬಿನ ಮೇಲೆ ಇಳಿದರು. “ನಿಲ್ಲಿಸಬೇಡಿ. ಇನ್ನೂ ಎಷ್ಟು ಉಳಿದಿವೆ?”

ಇಪ್ಪತ್ತೆರಡು ಉಳಿದಿದ್ದವು. ಆ ದಿನ ಮೂರು, ಮಾರನೆಯ ದಿನ ನಾಲ್ಕು ಬಂದವು. ಇರುವೆಗಳಿಗೆ ಅಷ್ಟರಲ್ಲಿ ಕಡಲತೀರದ ಸುದ್ದಿ ಮುಟ್ಟಿತ್ತು. ರಜೆಯ ಜನರ ನಡುವೆ ಅವೂ ಸಾಲಾಗಿ ಓಡಾಡುತ್ತಿದ್ದವು.

ವಿಜಯದಶಮಿಯ ಹಿಂದಿನ ಸಂಜೆ ಕೊನೆಯ ಸಲ ಕೂತೆವು. ಮರುದಿನ ಗೊಂಬೆ ಮಲಗಿಸಿ ಊರನ್ನು ಬಿಚ್ಚಬೇಕಿತ್ತು. ಆವತ್ತು ಅಂಕಲ್ ಭಾರಿ ಉತ್ಸಾಹದಲ್ಲಿದ್ದರು. ಎರಡು ಬಂದವು. ಆಮೇಲೆ ನನ್ನ ಹೆಂಡತಿ ಮೂವತ್ತೆಂಟನೆಯ ನಂಬರಿನ ಫೋಟೋವನ್ನು ಮೀನು ಸೀಳುವ ಹೆಂಗಸರ ಸಾಲಿನಲ್ಲಿ ನಿಲ್ಲಿಸಿದಳು. ಬಾಗಿಲ ಹೊಸಿಲಲ್ಲಿ ನಿಂತು, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಒಬ್ಬ ಹೆಂಗಸು. ಏಪ್ರನ್ ನೋಡಿ ಅಂದಾಜಿನ ಮೇಲೆ ಇಟ್ಟದ್ದು. ನಮಗೂ ಯಾರೆಂದು ಗೊತ್ತಿರಲಿಲ್ಲ.

ಅಂಕಲ್ ಬಗ್ಗಿ ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು.

“ಇದು ಸರಿ,” ಎಂದರು. “ಮೀನಿನ ಅಂಗಳದ ಹೆಂಗಸು. ಕೊನೆಗೂ ಒಂದು ಸರಿಯಾಗಿ ಇಟ್ಟಿರಿ.”

ನಾನು ಬರೆದುಕೊಳ್ಳಲು ಪೆನ್ನು ಎತ್ತಿದೆ. ಆಂಟಿ ನನ್ನ ಮಣಿಕಟ್ಟಿನ ಮೇಲೆ ಕೈಯಿಟ್ಟರು. ಅಂಕಲ್‌ಗೆ ಕಾಣದ ಹಾಗೆ. ನಾನು ಬರೆಯಲಿಲ್ಲ.

ಅಂಕಲ್ ಟೀವಿಯಲ್ಲಿ ಫುಟ್‌ಬಾಲ್ ನೋಡಲು ಮನೆಗೆ ಹೋದ ಮೇಲೆ ಆಂಟಿ ಆ ರಟ್ಟಿನ ತುಂಡನ್ನು ಮೀನಿನ ಅಂಗಳದಿಂದ ಎತ್ತಿ, ಶೆಟ್ಟಿ ಕೂತಿದ್ದ ಔಷಧಿ ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿದರು.

“ಅವರಮ್ಮ,” ಎಂದರು. “ಇದೇ ಮುಖ ನಮ್ಮ ಬೆಡ್‌ರೂಮಲ್ಲಿದೆ, ಫ್ರೇಮ್ ಹಾಕಿದ್ದು. ದಿನಾ ನೋಡ್ತಾರೆ.”



“ಹೇಳೋಣ್ವಾ ಆಂಟಿ?” ಎಂದಳು ನನ್ನ ಹೆಂಡತಿ.

“ಇವತ್ತು ಬೇಡ ಲಾ. ಇವತ್ತು ಎಲ್ಲಾ ಸರಿಯಾಗಿ ಹೇಳಿದೆ ಅಂದುಕೊಂಡು ಹೋಗಿದ್ದಾರೆ.” ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಮೂವತ್ತೆಂಟರ ಮುಂದಿನ ಖಾಲಿ ಜಾಗದಲ್ಲಿ ತಮ್ಮ ದುಂಡು ಅಕ್ಷರದಲ್ಲಿ ಬರೆದರು: ಔಷಧಿ ಅಂಗಡಿಯ ಬಾಗಿಲಲ್ಲಿ, ಫೋಟೋ ತೆಗೆದವರ ಹೆಂಡತಿ.

ಮೂರು ದಿನ ಬಿಟ್ಟು ಹಾಳೆಯನ್ನು ಅಂಕಲ್ ಅವರ ಸಹಿಗೆ ತೆಗೆದುಕೊಂಡು ಹೋದೆ. ಅವರು ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು. ಆಂಟಿ ಪಕ್ಕದಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದರು. ಮೂವತ್ತೆಂಟರ ಮೇಲೆ ಬೆರಳು ನಿಂತಿತು.

“ಇದು ನಿಮ್ಮ ಅಕ್ಷರ ಅಲ್ಲ.”

“ನಂದು,” ಎಂದರು ಆಂಟಿ, ತಲೆಯೆತ್ತದೆ.

“ನಿನಗೆ ಹೇಗೆ ಗೊತ್ತು?”

“ನೀವೇ ಹೇಳಿದ್ದು. ಮದುವೆಯಾದ ವರ್ಷ.”

ಅಂಕಲ್ ಆ ಸಾಲನ್ನು ಇನ್ನೊಮ್ಮೆ ಓದಿದರು. ಬೀನ್ಸ್ ಮುರಿಯುವ ಸದ್ದು ನಿಂತಿತ್ತು.

“ನಾನೇ ಹೇಳಿದ್ದಾದ್ರೆ ಸರಿಯಾಗೇ ಇರುತ್ತೆ,” ಎಂದು ಕೆಳಗೆ ಸಹಿ ಹಾಕಿ, ಸಹಿ ಒಣಗುವ ತನಕ ಹಾಳೆಯನ್ನು ಹಿಡಿದುಕೊಂಡಿದ್ದು, ನನ್ನ ಕೈಗೆ ಕೊಟ್ಟರು.

ತಿಂಗಳ ಕೊನೆಗೆ ಎರಡು ದಿನ ಮುಂಚೆ ಪಟ್ಟಿ ಸ್ಕಾಟ್‌ಲೆಂಡಿಗೆ ತಲುಪಿತು. ಮೂವತ್ತು ಫೋಟೋಗಳನ್ನು ಗೋಡೆಗೆ ಹಾಕಿದರು. ಹನ್ನೆರಡನ್ನು ಪೆಟ್ಟಿಗೆಯಲ್ಲಿ ಇಟ್ಟರು.